ಝಿಗ್‌ಝ್ಯಾಗ್ ಗೂಡು: ಇಟ್ಟಿಗೆ ಸುಡುವ ಬೆಂಕಿಗೆ ಬಳಸುದಾರಿ ಯಾಕೆ?

ಇಟ್ಟಿಗೆ ಕೊಳ್ಳುವಾಗ ನಮ್ಮ ಕಡೆ ಎಲ್ಲರೂ ಒಂದು ಕೆಲಸ ಮಾಡುತ್ತಾರೆ. ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದು ನೋಡುತ್ತಾರೆ. ಟಣ್ ಎಂದರೆ ಬೆಂದಿದೆ, ದಪ್ ಎಂದರೆ ಬೆಂದಿಲ್ಲ. ನಮ್ಮ ಮನೆ ಕಟ್ಟುವಾಗ ಬಂದ ಒಂದು ಲೋಡಿನಲ್ಲಿ ಅರ್ಧಕ್ಕರ್ಧ ದಪ್ ಎನ್ನುತ್ತಿದ್ದವು. ತೊಟ್ಟಿಯ ನೀರಿನಲ್ಲಿ ನೆನೆಹಾಕಿದರೆ ಅಂಚು ಕರಗಿ ನೀರು ಕೆಂಪಾಗುತ್ತಿತ್ತು. "ಇವೆಲ್ಲಾ ಗೂಡಿನ ಹೊರಮೈಯವು ಸಾರ್, ಬೆಂಕಿ ಮುಟ್ಟಿಲ್ಲ" ಎಂದರು ಮೇಸ್ತ್ರಿ. ಮಣ್ಣು ಒಂದೇ, ಅಚ್ಚು ಒಂದೇ, ಗೂಡೂ ಒಂದೇ. ಹಾಗಿದ್ದರೆ ಬೆಂಕಿ ಕೆಲವಕ್ಕೆ ಮುಟ್ಟಿ ಕೆಲವಕ್ಕೆ ಮುಟ್ಟದೆ ಹೋದದ್ದು ಹೇಗೆ? ಆ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಮತ್ತೆ ಮತ್ತೆ ಎದುರಾದ ಪದ ಝಿಗ್‌ಝ್ಯಾಗ್ ಗೂಡು.

ಈ ಪದ ಈಗ ಸರ್ಕಾರಿ ಕಾಗದಕ್ಕೂ ಬಂದಿದೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಹೊಸದಾಗಿ ಕಟ್ಟುವ ಇಟ್ಟಿಗೆ ಗೂಡು ಝಿಗ್‌ಝ್ಯಾಗ್ ಬಗೆಯದಾಗಿರಬೇಕು, ಇಲ್ಲವೇ ನಿಲುಬಾವಿಯಂಥ ವರ್ಟಿಕಲ್ ಶಾಫ್ಟ್ ಬಗೆಯದಾಗಿರಬೇಕು, ಇಲ್ಲವೇ ಪೈಪಿನಲ್ಲಿ ಬರುವ ಗ್ಯಾಸಿನಿಂದ ಉರಿಯಬೇಕು ಎಂದು ಅದು ಹೇಳುತ್ತದೆ. ಚಿಮಣಿಯಿಂದ ಹೊರಬರುವ ಹೊಗೆಯಲ್ಲಿ ದೂಳು, ಮಸಿಯ ಕಣಗಳು ಒಂದು ಘನ ಮೀಟರಿಗೆ 250 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯೂ ಅದರಲ್ಲಿದೆ.

ಝಿಗ್‌ಝ್ಯಾಗ್ ಎಂದ ಕೂಡಲೇ ಗೂಡೇ ವಂಕಿ ವಂಕಿಯಾಗಿ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ. ಹೊರಗಿನಿಂದ ನೋಡಿದರೆ ಅದು ಉತ್ತರ ಭಾರತದ ಬೇರೆ ಚಿಮಣಿ ಗೂಡುಗಳ ಹಾಗೇ ಕಾಣುತ್ತದೆ: ಉದ್ದನೆಯ ಸುತ್ತು ಕಂದಕ, ನಡುವೆ ಒಂದು ಚಿಮಣಿ. ವಂಕಿಯಾಗಿರುವುದು ಒಳಗೆ ಗಾಳಿ ಹೋಗುವ ದಾರಿ. ಆ ದಾರಿಯನ್ನು ಕಟ್ಟುವುದೂ ಸುಡಬೇಕಾದ ಹಸಿ ಇಟ್ಟಿಗೆಗಳಿಂದಲೇ. ಅವನ್ನು ಜೋಡಿಸುವ ಬಗೆಗೆ ಈ ಹೆಸರು.

ಇದು ಅರ್ಥವಾಗಬೇಕಾದರೆ ಮೊದಲು ನಮ್ಮೂರ ಗೂಡನ್ನು ನೋಡಬೇಕು.

ಕರ್ನಾಟಕದ ಹಳ್ಳಿಗಳಲ್ಲಿ ಕೆರೆಯ ಪಕ್ಕ, ಹೊಲದ ಮೂಲೆಯಲ್ಲಿ ಬೇಸಿಗೆಗೆ ಏಳುವ ಗೂಡಿಗೆ ಬೇರೆ ಕಟ್ಟಡವೇ ಇಲ್ಲ. ಹಸಿ ಇಟ್ಟಿಗೆಗಳನ್ನೇ ಒಂದರ ಮೇಲೊಂದು ಪೇರಿಸುತ್ತಾರೆ. ಬುಡದಲ್ಲಿ ಸೌದೆ ತುರುಕಲು ಬೆಂಕಿ ಬಾಯಿ ಬಿಡುತ್ತಾರೆ. ಹೊರಮೈಗೆ ಮಣ್ಣು ಮೆತ್ತುತ್ತಾರೆ. ಸುಟ್ಟ ಮೇಲೆ ಬಿಚ್ಚಿ ಮಾರಿದರೆ ಗೂಡೂ ಹೋಯಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಕ್ಲ್ಯಾಂಪ್ ಎಂಬ ಹೆಸರಿದೆ. ಬಂಡವಾಳ ಕಡಿಮೆ, ಎಲ್ಲಿ ಬೇಕಾದರೂ ಹಾಕಬಹುದು. ಆದರೆ ಇದು ಸೌದೆಯನ್ನು ಬಹಳ ನುಂಗುತ್ತದೆ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಒಂದು ಇಟ್ಟಿಗೆ 3 ಕಿಲೋ ಎಂದಿಟ್ಟುಕೊಳ್ಳಿ. ಬಿಸಿಲಲ್ಲಿ ಒಣಗಿದ್ದರೂ ಅದರಲ್ಲಿ ನೂರಕ್ಕೆ ಹತ್ತು ಪಾಲು ನೀರು ಉಳಿದಿದ್ದರೆ ಅದೇ 300 ಗ್ರಾಂ. ಒಂದು ಲಕ್ಷ ಇಟ್ಟಿಗೆಯ ಗೂಡಿನಲ್ಲಿ ಅದು 30 ಟನ್ ನೀರು! ಇಟ್ಟಿಗೆ ಕೆಂಪಾಗುವ ಮೊದಲು ಮೂರು ದೊಡ್ಡ ಟ್ಯಾಂಕರಿನಷ್ಟು ನೀರು ಕುದಿದು ಆವಿಯಾಗಿ ಹೋಗಬೇಕು. ಆಮೇಲೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಜೇಡಿಯ ಕಣದೊಳಗೇ ಕೂಡಿಕೊಂಡಿದ್ದ ನೀರು ಬಿಟ್ಟುಹೋಗುತ್ತದೆ. 900ರಿಂದ 1,000 ಡಿಗ್ರಿ ಸುಮಾರಿಗೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಟಣ್ ಎನ್ನುವ ಸದ್ದು ಹುಟ್ಟುವುದು ಆಗಲೇ. ಅಷ್ಟು ಬಿಸಿಯಾದ 3 ಲಕ್ಷ ಕಿಲೋ ಇಟ್ಟಿಗೆಯನ್ನು ನಾವು ಏನು ಮಾಡುತ್ತೇವೆ? ಹತ್ತು ಹದಿನೈದು ದಿನ ಸುಮ್ನೆ ಆರಲು ಬಿಡುತ್ತೇವೆ. ಆ ಶಾಖವೆಲ್ಲಾ ಊರ ಗಾಳಿಗೆ ಹೋಗುತ್ತದೆ. ಹೊಗೆಯ ಜೊತೆ ಹೋದ ಶಾಖ ಬೇರೆ. ಹೊರಮೈ ಮುಟ್ಟಿ ಸೋರಿದ್ದು ಬೇರೆ. ಮೇಸ್ತ್ರಿ ಹೇಳಿದ ಹೊರಮೈ ಇಟ್ಟಿಗೆಗಳಿಗೆ ಬೆಂಕಿಯ ಕಾವು ಬರುತ್ತಿದ್ದ ಹಾಗೇ ಗಾಳಿ ಅದನ್ನು ಕಿತ್ತುಕೊಂಡು ಹೋಗಿತ್ತು.

ಅಳತೆಯಲ್ಲಿ ಹೇಳುವುದಾದರೆ, ಇಂಥ ಗೂಡುಗಳಲ್ಲಿ ಒಂದು ಕಿಲೋ ಇಟ್ಟಿಗೆ ಸುಡಲು ಸುಮಾರು 2 ಮೆಗಾಜೂಲ್ ಶಕ್ತಿ ಬೇಕು, ಕೆಲವೆಡೆ ಇನ್ನೂ ಜಾಸ್ತಿ. ಚೆನ್ನಾಗಿ ನಡೆಯುವ ಝಿಗ್‌ಝ್ಯಾಗ್ ಗೂಡಿಗೆ ಸುಮಾರು 1 ಮೆಗಾಜೂಲ್ ಸಾಕು. ಒಣಸೌದೆಯ ಲೆಕ್ಕಕ್ಕೆ ತಂದರೆ, ಲಕ್ಷ ಇಟ್ಟಿಗೆಗೆ 40 ಟನ್ ಬೇಕಾದಲ್ಲಿ 20 ಟನ್ನಿನಲ್ಲಿ ಮುಗಿಯುವಷ್ಟು ವ್ಯತ್ಯಾಸ.

ಈ ಉಳಿತಾಯದ ಗುಟ್ಟು ನಮಗೆ ಗೊತ್ತಿರುವುದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ನೆನಪಿದೆ ಅಲ್ವಾ? ಮೂರು ಪಾತ್ರೆಯ ಒಲೆ. ಬೆಂಕಿ ಉರಿಯುವುದು ಮೊದಲ ಪಾತ್ರೆಯ ಕೆಳಗೆ. ಅಲ್ಲಿ ಅನ್ನ ಬೇಯಿಸಿದ ಬಿಸಿಗಾಳಿ ಎರಡನೇ ಪಾತ್ರೆಗೆ ಹೋಗುತ್ತದೆ, ಆಮೇಲೆ ಮೂರನೆಯದಕ್ಕೆ. ಕೊನೆಗೆ ಹೊಗೆಕೊಳವೆ. ಸೌದೆ ಒಂದು, ಅಡುಗೆ ಮೂರು.

ಇಟ್ಟಿಗೆಗೆ ಇದೇ ಬುದ್ಧಿಯನ್ನು ಓಡಿಸಿದವರು ಜರ್ಮನಿಯ ಫ್ರೀಡ್ರಿಶ್ ಹಾಫ್‌ಮನ್. 1858ರಲ್ಲಿ ಅವರು ಬಳೆಯಂತೆ ಸುತ್ತುವ ಗೂಡಿಗೆ ಪೇಟೆಂಟ್ ಪಡೆದರು. ಅದರಲ್ಲಿ ಇಟ್ಟಿಗೆ ಕದಲುವುದಿಲ್ಲ, ಇಂಧನ ಹಾಕುವ ಜಾಗ ಮುಂದೆ ಸರಿದಂತೆ ಬೆಂಕಿ ನಡೆಯುತ್ತದೆ. ಬೆಂಕಿಯ ಹಿಂದೆ ಆಗಲೇ ಬೆಂದ ಇಟ್ಟಿಗೆಗಳು ಆರುತ್ತಿರುತ್ತವೆ. ಹೊರಗಿನ ತಣ್ಣನೆ ಗಾಳಿ ಅವುಗಳ ನಡುವೆ ನುಗ್ಗಿ, ಅವುಗಳ ಶಾಖ ಹೀರಿಕೊಂಡು, ಕಾದ ಗಾಳಿಯಾಗಿ ಬೆಂಕಿಗೆ ಬರುತ್ತದೆ. ಬೆಂಕಿಯ ಮುಂದೆ ಹಸಿ ಇಟ್ಟಿಗೆಗಳು ತಮ್ಮ ಸರದಿಗೆ ಕೂತಿರುತ್ತವೆ. ಹೊಗೆ ಅವುಗಳ ನಡುವೆ ಹಾದು, ಅವನ್ನು ಒಣಗಿಸಿ ಬಿಸಿಮಾಡಿ, ತಾನು ತಣ್ಣಗಾಗಿ ಚಿಮಣಿ ಸೇರುತ್ತದೆ. ಆರುವ ಇಟ್ಟಿಗೆ ಕೊಟ್ಟ ಶಾಖ ಕಾಯುವ ಇಟ್ಟಿಗೆಗೆ. ಇಟ್ಟಿಗೆ ಗೂಡಿನ ಸುಧಾರಣೆ ಎಂದು ಆಮೇಲೆ ಬಂದ ಎಷ್ಟೋ ಸಂಗತಿಗಳು ಈ ಒಂದು ಕೊಡುಕೊಳ್ಳುವಿಕೆಯನ್ನು ಇನ್ನಷ್ಟು ಚೊಕ್ಕ ಮಾಡಿದವು, ಅಷ್ಟೇ.

ಹಾಫ್‌ಮನ್ ಗೂಡಿಗೆ ಕಮಾನಿನ ಚಾವಣಿ ಬೇಕಿತ್ತು, ಖರ್ಚು ಜಾಸ್ತಿ. 1876ರಲ್ಲಿ ಬುಲ್ ಎಂಬ ಬ್ರಿಟಿಷ್ ಎಂಜಿನಿಯರ್ ಚಾವಣಿ ತೆಗೆದುಹಾಕಿ ನೆಲದಲ್ಲೇ ಕಂದಕ ತೋಡಿ ಅಗ್ಗದ ಗೂಡು ಮಾಡಿದರು. ಮೇಲೆ ಇಟ್ಟಿಗೆ ಹಾಸಿ ಬೂದಿ ಹರಡಿದರೆ ಅದೇ ಮುಚ್ಚಳ. ಉತ್ತರ ಭಾರತದ ಗಂಗಾ ಬಯಲಿನ ಉದ್ದಕ್ಕೂ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲೂ ಹರಡಿದ್ದು ಈ ಬುಲ್ ಗೂಡೇ. ರೈಲಿನಲ್ಲಿ ಉತ್ತರಕ್ಕೆ ಹೋದವರು ಹೊಲಗಳ ನಡುವೆ ಒಂಟಿ ಚಿಮಣಿಗಳ ಸಾಲು ನೋಡಿರುತ್ತೀರಿ.

ಬುಲ್ ಗೂಡು ಶಾಖವನ್ನು ಮರಳಿ ಬಳಸುತ್ತದೆ, ಸರಿ. ಆದರೂ ಅದರ ಹೊಗೆ ಕಪ್ಪು. ಯಾಕೆಂದರೆ ಅಲ್ಲಿ ಇಟ್ಟಿಗೆಯನ್ನು ನೇರ ಸಾಲುಗಳಲ್ಲಿ ಜೋಡಿಸುತ್ತಾರೆ. ಗಾಳಿಗೆ ನೆಟ್ಟಗಿನ ಓಣಿ ಸಿಕ್ಕಿದರೆ ಅದು ಸರಾಗವಾಗಿ ಹರಿದುಬಿಡುತ್ತದೆ, ಮೂಲೆ ಮೂಲೆಗೆ ಹೋಗುವುದಿಲ್ಲ. ಮೇಲಿನ ತೂತಿನಿಂದ ಹಾಕಿದ ಕಲ್ಲಿದ್ದಲು ಕೆಳಗೆ ಗುಡ್ಡೆಯಾಗಿ ಬೀಳುತ್ತದೆ. ಗಾಳಿ ಪಕ್ಕದಲ್ಲೇ ಹೋಗುತ್ತಿದ್ದರೂ ಗುಡ್ಡೆಯ ಒಳಕ್ಕೆ ಹೊಗುವುದಿಲ್ಲ. ಅರೆಬೆಂದ ಇದ್ದಲು ಮಸಿಯಾಗಿ ಹೊರಗೆ ಬರುತ್ತದೆ. ಅಂದರೆ ಆ ಕರಿಹೊಗೆ ದುಡ್ಡು ಕೊಟ್ಟು ತಂದ ಇಂಧನವೇ.

ಝಿಗ್‌ಝ್ಯಾಗ್ ಇಲ್ಲಿ ಕೈಹಾಕುತ್ತದೆ. ಕಂದಕದ ಅಗಲಕ್ಕೆ ಇಟ್ಟಿಗೆಯ ಅಡ್ಡಗೋಡೆ ಪೇರಿಸಿ ಒಂದು ತುದಿಯಲ್ಲಿ ಮಾತ್ರ ಗಾಳಿಗೆ ದಾರಿ ಬಿಡುತ್ತಾರೆ. ಮುಂದಿನ ಅಡ್ಡಗೋಡೆಯಲ್ಲಿ ಇನ್ನೊಂದು ತುದಿಗೆ ದಾರಿ. ಗಾಳಿ ಎಡಕ್ಕೆ ಹೋಗಿ ತಿರುಗಿ, ಬಲಕ್ಕೆ ಹೋಗಿ ತಿರುಗಿ, ಮತ್ತೆ ಎಡಕ್ಕೆ ಬರಬೇಕು. ದಾರಿ ಉದ್ದವಾಯಿತು, ಇಟ್ಟಿಗೆಗೂ ಗಾಳಿಗೂ ಒಡನಾಟ ಹೆಚ್ಚಾಯಿತು. ಅದಕ್ಕಿಂತ ದೊಡ್ಡ ಲಾಭ ತಿರುವುಗಳಲ್ಲಿದೆ. ಹೊಳೆ ತಿರುಗುವಲ್ಲಿ ಸುಳಿ ಏಳುವ ಹಾಗೆ ಪ್ರತಿ ತಿರುವಿನಲ್ಲೂ ಗಾಳಿ ಕಲಕುತ್ತದೆ. ಕಲಕಿದ ಗಾಳಿ ಇದ್ದಲಿನ ಕಣ ಕಣಕ್ಕೂ ತಗಲುತ್ತದೆ. ಮಸಿ ಒಳಗೇ ಉರಿದುಹೋಗುತ್ತದೆ. ಬುಲ್ ಗೂಡಿಗೆ ಹೋಲಿಸಿದರೆ ಐದರಲ್ಲಿ ಒಂದು ಪಾಲು ಕಲ್ಲಿದ್ದಲು ಉಳಿಯುತ್ತದೆ, ದೂಳು ಮಸಿ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿಯಬಹುದು. ಅಗಲದ ಉದ್ದಕ್ಕೂ ಶಾಖ ಸಮನಾಗಿ ಹರಡುವುದರಿಂದ ಟಣ್ ಎನ್ನುವ ಇಟ್ಟಿಗೆಯ ಪಾಲೂ ಜಾಸ್ತಿ.

ಇಷ್ಟು ತಿರುವು ದಾಟಲು ಗಾಳಿಗೆ ಸೆಳೆತ ಬೇಕು. ಅದಕ್ಕೆ ಎತ್ತರದ ಚಿಮಣಿ ಕಟ್ಟಬೇಕು, ಇಲ್ಲವೇ ಫ್ಯಾನ್ ಕೂರಿಸಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1970ರ ದಶಕದಲ್ಲೇ ಫ್ಯಾನ್ ಇರುವ ಬಗೆಯನ್ನು ನಮ್ಮ ದೇಶದಲ್ಲಿ ಪರಿಚಯಿಸಿತ್ತು. ಹಳೆಯ ಬುಲ್ ಗೂಡನ್ನು ಪೂರ್ತಿ ಕೆಡವದೆ ಝಿಗ್‌ಝ್ಯಾಗ್ ಮಾಡಿಕೊಳ್ಳಲೂ ಬರುತ್ತದೆ.

ಆದರೆ ಇಟ್ಟಿಗೆ ಹೀಗೆ ಪೇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನನಗೆ ಬಹಳ ಮುಖ್ಯ ಅನಿಸುವ ಭಾಗ ಇದು. ಗೂಡಿನ ಮೇಲೆ ನಿಂತು ಬೆಂಕಿ ನೋಡಿಕೊಳ್ಳುವವರ ಕೈಯಲ್ಲಿ ಅರ್ಧ ವಿನ್ಯಾಸವಿದೆ. ಉತ್ತರದ ಗೂಡುಗಳಲ್ಲಿ ಈ ಕೆಲಸಕ್ಕೆ ಉತ್ತರ ಪ್ರದೇಶದ ಪ್ರತಾಪಗಢ ಕಡೆಯವರು ಹೆಸರುವಾಸಿ. ಕಾಲಡಿ ಸುಡುವ ನೆಲ, ಅದಕ್ಕೆ ಮರದ ಅಟ್ಟೆಯ ಚಪ್ಪಲಿ. ತೂತಿನ ಮುಚ್ಚಳ ಎತ್ತಿ ಒಳಗಿನ ಬಣ್ಣ ನೋಡಿಯೇ ಶಾಖ ಎಷ್ಟೆಂದು ಹೇಳುತ್ತಾರೆ. ಹಳೆಯ ರೂಢಿಯಲ್ಲಿ ದೊಡ್ಡ ಸಲಿಕೆಯಲ್ಲಿ ಒಮ್ಮೆಗೇ ಇದ್ದಲು ಸುರಿದು ಅರ್ಧ ಗಂಟೆ ಬಿಡುತ್ತಿದ್ದರು. ಝಿಗ್‌ಝ್ಯಾಗ್‌ನಲ್ಲಿ ಅದು ಸಲ್ಲದು. ಪುಡಿ ಇದ್ದಲನ್ನು ಚಿಕ್ಕ ಚಮಚೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಬಿಡದೆ ಹಾಕುತ್ತಿರಬೇಕು. ಒಲೆಗೆ ಒಂದೇ ಸಲ ಹೊರೆ ಸೌದೆ ತುರುಕಿದರೆ ಏನಾಗುತ್ತದೆ ಎಂದು ನಮ್ಮ ಅಮ್ಮಂದಿರಿಗೆ ಗೊತ್ತು. ಅದೇ ಇಲ್ಲಿಯೂ.

ಬಾಂಗ್ಲಾದೇಶದಲ್ಲಿ ನಡೆದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಲ್ಲಿ ಎಷ್ಟೋ ಗೂಡುಗಳು ಆಗಲೇ ಝಿಗ್‌ಝ್ಯಾಗ್ ಆಗಿದ್ದವು, ಆದರೂ ಹೊಗೆ ಕಡಿಮೆಯಾಗಿರಲಿಲ್ಲ. 276 ಗೂಡುಗಳನ್ನು ಆರಿಸಿಕೊಂಡು, ಅವುಗಳಲ್ಲಿ ಕೆಲವಕ್ಕೆ ಜೋಡಿಸುವ ಕ್ರಮ, ಇಂಧನ ಹಾಕುವ ಕ್ರಮ, ಮೇಲಿನ ಬೂದಿ ಹೊದಿಕೆಯನ್ನು ದಪ್ಪ ಮಾಡುವುದು, ಇಂಥ ಸಣ್ಣ ಸಂಗತಿಗಳನ್ನು ಕಲಿಸಿದರು. ಕಲಿಸಿದಲ್ಲಿ ಶೇಕಡಾ 65ರಷ್ಟು ಮಂದಿ ಅಳವಡಿಸಿಕೊಂಡರು. ಹಾಗೆ ಅಳವಡಿಸಿಕೊಂಡ ಗೂಡುಗಳಲ್ಲಿ ಇಂಧನ ಶೇಕಡಾ 23ರಷ್ಟು ಉಳಿಯಿತು ಎಂದು 2025ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಯಂತ್ರವಿಲ್ಲ, ಹೊಸ ಚಿಮಣಿಯಿಲ್ಲ. ಗೂಡು ಬದಲಿಸಿ ಎಂದು ಆದೇಶ ಕೊಡುವವರು ಕಲಿಸುವ ಜನರನ್ನೂ ಜೊತೆಗೆ ಕಳಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಅಧಿಸೂಚನೆಯಲ್ಲಿರುವ ಇನ್ನೊಂದು ಬಗೆ, ವರ್ಟಿಕಲ್ ಶಾಫ್ಟ್ ಗೂಡು, ಚೀನಾದಿಂದ ಬಂದದ್ದು. ಭಾರತದಲ್ಲಿ ಮೊದಲು 1996ರಲ್ಲಿ ಮಧ್ಯಪ್ರದೇಶದ ದತಿಯಾದಲ್ಲಿ ಕಟ್ಟಿದರು. ಇದರಲ್ಲಿ ಬೆಂಕಿ ನಡುವೆ ನಿಂತಿರುತ್ತದೆ, ಇಟ್ಟಿಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಸುಮಾರು ಒಂದು ದಿನಕ್ಕೆ ಬೆಂದು ಹೊರಬರುತ್ತದೆ. ಇಂಧನ ಝಿಗ್‌ಝ್ಯಾಗ್‌ಗಿಂತಲೂ ಕಡಿಮೆ. ಆದರೆ ಇಷ್ಟು ಬೇಗ ಕಾದು ಇಷ್ಟು ಬೇಗ ಆರುವುದನ್ನು ಎಲ್ಲ ಮಣ್ಣೂ ತಡೆಯುವುದಿಲ್ಲ, ಬಿರುಕು ಬಿಡುತ್ತದೆ.

ಇಟ್ಟಿಗೆ ಚೆನ್ನಾಗಿ ಬಂದ ಮಾತ್ರಕ್ಕೆ ಗೂಡು ಸುಧಾರಿಸಿದೆ ಎನ್ನಲೂ ಆಗದು. ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನ ಕಡೆ ನೀಲಗಿರಿ ಕೊಂಬೆ ಉರಿಸುವ ಡೌನ್ ಡ್ರಾಫ್ಟ್ ಗೂಡುಗಳಿವೆ. ಬಿಸಿಗಾಳಿ ಮೇಲಕ್ಕೆ ಹೋಗಿ ಇಟ್ಟಿಗೆಗಳ ನಡುವೆ ಕೆಳಕ್ಕೆ ಇಳಿಯುತ್ತದೆ. ಮಾಲು ಒಂದೇ ಹದದಲ್ಲಿ ಬೇಯುತ್ತದೆ. ಆದರೆ ಪ್ರತಿ ಸಲ ಕಾಯಿಸಿ ಪ್ರತಿ ಸಲ ಆರಿಸಬೇಕು. ಇಂಧನದ ಲೆಕ್ಕದಲ್ಲಿ ಅದು ನಮ್ಮೂರ ಗೂಡಿಗಿಂತಲೂ ದುಬಾರಿ.

ಹಾಗಾದರೆ ವರ್ಷಕ್ಕೆ ಒಂದೆರಡು ಲಕ್ಷ ಇಟ್ಟಿಗೆ ಸುಡುವ ನಮ್ಮ ಹಳ್ಳಿಯವರು ಏನು ಮಾಡಬೇಕು? ಬೆಂಕಿ ನಿಲ್ಲದೆ ನಡೆಯಬೇಕಾದ ಝಿಗ್‌ಝ್ಯಾಗ್ ಗೂಡಿಗೆ ದಿನಕ್ಕೇ ಹತ್ತಾರು ಸಾವಿರ ಹಸಿ ಇಟ್ಟಿಗೆ ಬೇಕು. ಅದು ಅವರ ಕೈಗೆ ಎಟುಕದು. ಅವರಿಗೆ ಬೇರೆ ದಾರಿಗಳಿವೆ. ಹಸಿ ಇಟ್ಟಿಗೆಯನ್ನು ಇನ್ನೊಂದು ವಾರ ಒಣಗಿಸಿದರೆ ಆ 30 ಟನ್ ನೀರಿನಲ್ಲಿ ಒಂದಷ್ಟನ್ನು ಬಿಸಿಲೇ ಪುಕ್ಕಟೆಯಾಗಿ ಒಯ್ಯುತ್ತದೆ. ಮಣ್ಣು ಕಲಸುವಾಗಲೇ ಭತ್ತದ ಹೊಟ್ಟೋ ಇದ್ದಲ ಪುಡಿಯೋ ಸೇರಿಸಿದರೆ ಇಟ್ಟಿಗೆ ಒಳಗಿನಿಂದಲೂ ಬೇಯುತ್ತದೆ. ನಾಲ್ಕು ಜನ ಸೇರಿ 25 ಸಾವಿರದ ನಾಲ್ಕು ಗೂಡಿನ ಬದಲು ಲಕ್ಷದ ಒಂದು ಗೂಡು ಹಾಕಬಹುದು. ಇಟ್ಟಿಗೆ ನಾಲ್ಕು ಪಟ್ಟಾದರೂ ಶಾಖ ಸೋರುವ ಹೊರಮೈ ಎರಡೂವರೆ ಪಟ್ಟು ಮಾತ್ರ. ಆ ಹೊರಮೈಗೆ ಹಿಂದಿನ ಗೂಡಿನ ಬೆಂದ ಇಟ್ಟಿಗೆಯನ್ನೇ ಒಂದು ವರಸೆ ಕಟ್ಟಿ ದಪ್ಪಗೆ ಮಣ್ಣು ಮೆತ್ತಿದರೆ, ಅದರ ಹಿಂದೆ ಕೂತ ಹಸಿ ಇಟ್ಟಿಗೆಗೂ ಬೆಂಕಿ ಮುಟ್ಟುತ್ತದೆ.