ಶೇಂಗಾ ಬೂಷ್ಟಿಗೆ ಮಳೆ ಬೇಕು ಅಂದವರು ಯಾರು?

ಚಳ್ಳಕೆರೆ ಕಡೆ ಶೇಂಗಾ ಮೆಲ್ಲುವಾಗ ನಡುವೆ ಒಂದು ಕಾಳು ಕಹಿ ಬಂತು ಅಂದರೆ "ಥೂ, ಮುಗ್ಗಲು" ಎಂದು ಉಗಿದು ಮುಂದಿನ ಕಾಳಿಗೆ ಕೈ ಹಾಕುತ್ತೇವೆ. ಮಳೆಗೆ ನೆನೆದಿರಬೇಕು, ಅದಕ್ಕೇ ಬೂಷ್ಟು ಬಂದಿದೆ ಎಂಬುದು ನಮ್ಮ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ.

ಕತೆ ಶುರುವಾಗಿದ್ದು ದೂರದ ಇಂಗ್ಲೆಂಡಿನಲ್ಲಿ. 1960ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಕಾರಣ ಗೊತ್ತಾಗದೆ ಸುಮ್ನೆ 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರೊಳಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಅದು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು.

1974ರಲ್ಲಿ ಸರದಿ ನಮ್ಮ ದೇಶದ್ದು. ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಕಡೆ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದು ಮೆಕ್ಕೆಜೋಳ ಬೂಷ್ಟು ಹಿಡಿಯಿತು. ಬಡವರು ಅದನ್ನೇ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, 100ಕ್ಕೂ ಹೆಚ್ಚು ಜನ ಸತ್ತರು. ಅದೇ ಜೋಳ ತಿಂದ ನಾಯಿಗಳೂ ಉಳಿಯಲಿಲ್ಲ. ದಾವಣಗೆರೆ ಸುತ್ತ ರಸ್ತೆ ಮೇಲೆ ಮೆಕ್ಕೆಜೋಳ ಹರಡಿ ಮೋಡ ನೋಡುತ್ತಾ ಕೂರುವವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಶೇಂಗಾದ ವಿಷಯ ಬೇರೆ. 1980ರ ದಶಕದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಶೇಂಗಾ ತಾಕಿನ ಮೇಲೆ ಮಳೆ ಬೀಳದಂತೆ ಚಾವಣಿ ಎಳೆದು, ಕೆಳಗೆ ಮಣ್ಣನ್ನು ಕೆಲವು ಕಡೆ ಬಿಸಿ ಮಾಡಿ, ಕೆಲವು ಕಡೆ ತಣ್ಣಗಿಟ್ಟು, ಯಾವುದರಲ್ಲಿ ವಿಷ ಬರುತ್ತದೆ ಎಂದು ನೋಡಿದರು. ಕೀಳುವ ಮುಂಚಿನ ನಾಲ್ಕರಿಂದ ಆರು ವಾರ ನೀರಿಲ್ಲದೆ, ಕಾಯಿಯ ಸುತ್ತಲ ಮಣ್ಣು 30 ಡಿಗ್ರಿ ಆಸುಪಾಸು ಇದ್ದ ಕಡೆ ವಿಷ ಜೋರಾಗಿತ್ತು. ನೀರುಂಡ ಕಾಯಿ ಬಚಾವಾಗಿತ್ತು.

ಯಾಕೆ ಹೀಗೆ? ಹಸಿ ಕಾಳು ಬೂಷ್ಟನ್ನು ತಡೆಯುವ ರಸಾಯನವನ್ನು ತಾನೇ ತಯಾರಿಸುತ್ತದೆ. ನೆಲದೊಳಗೇ ಕಾಳು ಒಣಗಿತು ಅಂದರೆ ಆ ಕೆಲಸ ನಿಂತುಹೋಗುತ್ತದೆ. ಬೂಷ್ಟಿಗೆ ಮಾತ್ರ ಅಷ್ಟೊಂದು ನೀರು ಬೇಡ, ಮಣ್ಣಿನಲ್ಲಿ ಅದು ಮೊದಲೇ ಇರುತ್ತದೆ. ಜೊತೆಗೆ ಬರಗಾಲದಲ್ಲಿ ಗೆದ್ದಲು ಸಿಪ್ಪೆ ಕೊರೆದು ಬಾಗಿಲು ಬೇರೆ ತೆಗೆದುಕೊಡುತ್ತದೆ.

ಈಗ ನಮ್ಮ ಮಳೆ ಲೆಕ್ಕ ಹಾಕಿ. ಜುಲೈನಲ್ಲಿ ಬಿತ್ತಿದ ಶೇಂಗಾ ಬಲಿಯುವ ಹೊತ್ತಿಗೆ ಉತ್ತರೆ, ಹಸ್ತ ಕೈಕೊಟ್ಟರೆ ಬೂಷ್ಟು ಹೊಲದಲ್ಲೇ ಒಳಗೆ ಸೇರುತ್ತದೆ. ಆಮೇಲೆ ಕಿತ್ತು ಹಾಕಿದ ಗಿಡದ ಮೇಲೆ ಸ್ವಾತಿ ಮಳೆ ಸುರಿದರೆ ಅಲ್ಲಿಂದ ಬೆಳೆಯುತ್ತದೆ. ಬೇಕಾದಾಗ ಬಾರದೆ, ಬೇಡವಾದಾಗ ಬರುವುದು. ನಮ್ಮ ಸೀಮೆಗೆ ಇದು ಹೊಸದೇನಲ್ಲ, ಅಲ್ವಾ?

ಮುಗ್ಗಲು ಕಾಳನ್ನು ಬಾಯಿ ಉಗಿಯುತ್ತದೆ, ಎಣ್ಣೆ ಮಿಲ್ಲು ಉಗಿಯುವುದಿಲ್ಲ. ಹಿಂಡಿದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ಹಸುವಿಗೆ ಹೋಗುತ್ತದೆ, ಸ್ವಲ್ಪ ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ.

ಯುರೋಪಿನವರು ಇದನ್ನು ಬಿಸಿ ದೇಶಗಳ ತಾಪತ್ರಯ ಎಂದುಕೊಂಡಿದ್ದರು. 2003ರ ಸುಡು ಬೇಸಿಗೆಯಲ್ಲಿ ಇಟಲಿಯ ಮೆಕ್ಕೆಜೋಳಕ್ಕೇ ಬೂಷ್ಟು ಬಿತ್ತು. 2012ರ ಬರದಲ್ಲಿ ಸರ್ಬಿಯಾದ ಸರದಿ. ಮರುವರ್ಷ ಅಲ್ಲಿನ ಹಾಲಿನಲ್ಲಿ ಈ ವಿಷ ಮಿತಿ ದಾಟಿತು, ಸರ್ಕಾರ ಮಿತಿಯನ್ನೇ ಕಿಲೋಗೆ 0.05 ಮೈಕ್ರೋಗ್ರಾಂನಿಂದ 0.5ಕ್ಕೆ ಏರಿಸಿತು. ನಮ್ಮ ದೇಶದ ಹಾಲಿಗೆ ಇರುವ ಮಿತಿಯೂ ಅದೇ 0.5.