ಸರ್ವರ್ ರೀಸ್ಟಾರ್ಟ್ ಮಾಡುವ ಮುಂಚೆ ಎರಡು ನಿಮಿಷ

"ಸರ್ರ, ಸೈಟ್ ಓಪನ್ ಆಗವಲ್ದ್ರೀ. ಬರೇ ಗಿರಕಿ ಹೊಡ್ಯಾಕತ್ತೈತಿ." ನನಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಹೀಗೇ ಶುರುವಾಗುತ್ತವೆ. ಧಾರವಾಡದ ಕೋಚಿಂಗ್ ಸೆಂಟರ್ ಇರಬಹುದು, ಬ್ಯಾಡಗಿಯ ಮೆಣಸಿನಕಾಯಿ ದರ ತೋರಿಸುವ ಆ್ಯಪ್ ಇರಬಹುದು, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ ಆರ್ಡರ್ ಪುಟ ಇರಬಹುದು. ಎರಡನೇ ಮಾತೂ ಸಾಮಾನ್ಯವಾಗಿ ಒಂದೇ: "ರೀಸ್ಟಾರ್ಟ್ ಮಾಡಿದ್ವಿರೀ. ಒಂದ್ ತಾಸು ಛಲೋ ಇತ್ತು, ಮತ್ತ ಹಂಗ ಆತು."

ಆ ಒಂದು ತಾಸಿಗೆ ಕೊಟ್ಟ ಬೆಲೆ ಜಾಸ್ತಿ. ಸರ್ವರ್ ಸಿಕ್ಕಿಕೊಂಡು ನಿಂತಿರುವಾಗಲೇ ಕಾರಣವೂ ಕಣ್ಣಿಗೆ ಕಾಣುತ್ತದೆ. ಯಾವ ಕ್ವೆರಿ (ಮಾಹಿತಿ ಇಡುವ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ) ಎಷ್ಟು ಹೊತ್ತಿನಿಂದ ಓಡುತ್ತಿದೆ, ಯಾವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಎಷ್ಟು ಮೆಮೊರಿ ತಿಂದಿದೆ, ಎಷ್ಟು ಕನೆಕ್ಷನ್ ತೆರೆದಿವೆ, ಎಲ್ಲವೂ ಆಗ ಸಿಗುತ್ತದೆ. ರೀಸ್ಟಾರ್ಟ್ ಮಾಡಿದ ಕೂಡಲೇ ಅಷ್ಟೂ ಅಳಿಸಿಹೋಗುತ್ತದೆ. ಸರ್ವರ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್, ಉಳಿಯುತ್ತದೆ ನಿಜ, ಆದರೆ ಲಾಗ್‌ನಲ್ಲಿ ಬರೆಯುವುದು ಸಾಮಾನ್ಯವಾಗಿ ಮುಗಿದ ಕೆಲಸದ ಲೆಕ್ಕ. ಮುಗಿಯದೆ ನಿಂತ ಕೆಲಸವೇ ನಮಗೆ ಬೇಕಾದದ್ದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಸೈಟ್ ಹೇಗೂ ನಿಂತಿದೆ, ಇನ್ನೆರಡು ನಿಮಿಷ ನಿಲ್ಲಲಿ. ಮೊದಲು ನೋಡಿ, ಆಮೇಲೆ ರೀಸ್ಟಾರ್ಟ್ ಮಾಡಿ.

ನೋಡುವುದು ಪರದೆಯಿಂದಲೇ ಶುರು. ಸೈಟ್ ನೋಡಿಕೊಳ್ಳುವ ಹುಡುಗನಿಗೆ ನಾನು ಮೊದಲು ಕೇಳುವುದು, "ತಮ್ಮಾ, ಪರದೆ ಮ್ಯಾಲೆ ಯಾವ ನಂಬರ್ ಐತಿ?" 500 ಬಂದಿದ್ದರೆ ಪ್ರೋಗ್ರಾಮ್‌ನ ಒಳಗೇ ಏನೋ ಮುರಿದಿದೆ; ಎರರ್ ಲಾಗ್ ತೆರೆದರೆ ಬಹಳ ಸಲ ಯಾವ ಫೈಲ್, ಯಾವ ಸಾಲು ಎಂದೂ ಬರೆದಿರುತ್ತದೆ. 502 ಬಂದಿದ್ದರೆ ಮುಂದೆ ನಿಂತ ವೆಬ್ ಸರ್ವರ್ ಚೆನ್ನಾಗಿದೆ, ಹಿಂದೆ ಪುಟ ತಯಾರಿಸುವ ಪ್ರೋಗ್ರಾಮ್ (ಪಿಎಚ್‌ಪಿ ಅಥವಾ ನೋಡ್) ಬಿದ್ದುಹೋಗಿದೆ ಅಥವಾ ಅರ್ಧಕ್ಕೇ ಕೈಬಿಟ್ಟಿದೆ. 504 ಬಂದಿದ್ದರೆ ಹಿಂದಿನದು ಬದುಕಿದೆ, ಆದರೆ ಉತ್ತರ ಕೊಡಲು ಬಹಳ ಹೊತ್ತು ಮಾಡುತ್ತಿದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಾನಾಗಿಯೇ 60 ಸೆಕೆಂಡ್ ಕಾಯುತ್ತದೆ, ನಂತರ ಈ ನಂಬರ್ ತೋರಿಸುತ್ತದೆ. ಯಾವ ನಂಬರೂ ಇಲ್ಲದೆ ಸುಮ್ನೆ ಸುತ್ತುತ್ತಿದ್ದರೆ ಸರ್ವರ್‌ವರೆಗೆ ನಾವು ತಲುಪಿಯೇ ಇಲ್ಲದಿರಬಹುದು, ಅಥವಾ ತಲುಪಿ ಪಾಳಿಯಲ್ಲಿ ಕಾಯುತ್ತಿರಬಹುದು. ಒಂದು ನಂಬರ್ ಹೇಳಿದರೆ ಅರ್ಧ ದಾರಿ ಸವೆದಂತೆ. ಆದರೂ ನನಗೆ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಆ ನಂಬರನ್ನೇ ಕತ್ತರಿಸಿ ಕಳಿಸುವವರು ಜಾಸ್ತಿ!

ನಿಧಾನ ಆಗುವುದು ಒಂದು ರೋಗ, ನಿಂತುಹೋಗುವುದು ಇನ್ನೊಂದು ಎಂದು ಬಹಳ ಜನ ತಿಳಿದಿದ್ದಾರೆ. ತುಂಬಾ ಜನ ಬರುವ ಸೈಟ್‌ಗಳಲ್ಲಿ ಎರಡೂ ಒಂದೇ. ಹುಬ್ಬಳ್ಳಿಯ ಖಾನಾವಳಿಯಲ್ಲಿ 20 ಕುರ್ಚಿ ಇವೆ ಅಂದುಕೊಳ್ಳಿ. ಉಂಡವರು ಕಾಲು ಗಂಟೆಗೆ ಎದ್ದರೆ ಗಂಟೆಗೆ 80 ಜನಕ್ಕೆ ರೊಟ್ಟಿ ಊಟ ಆಗುತ್ತದೆ. ಒಬ್ಬೊಬ್ಬರು ಒಂದೊಂದು ಗಂಟೆ ಕುಳಿತರೆ 20 ಜನಕ್ಕೆ ಮಾತ್ರ. ಕುರ್ಚಿ ಅಷ್ಟೇ ಇವೆ, ಅಡುಗೆಯೂ ಅಷ್ಟೇ ಇದೆ, ಹೊರಗೆ ಮಾತ್ರ ಸಾಲು ಬೆಳೆಯುತ್ತದೆ. ಸರ್ವರ್‌ನಲ್ಲಿ ಈ ಕುರ್ಚಿಗಳಿಗೆ ವರ್ಕರ್ ಅನ್ನುತ್ತೇವೆ. 20 ವರ್ಕರ್ ಇದ್ದು ಒಂದು ಪುಟಕ್ಕೆ 200 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 100 ಪುಟ ಕೊಡಬಹುದು. ಅದೇ ಪುಟ 4 ಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ ಬರೀ 5. ಈ ಸಂಬಂಧವನ್ನು 1961ರಲ್ಲಿ ಜಾನ್ ಲಿಟಲ್ ಎಂಬವರು ಗಣಿತದಲ್ಲಿ ಸಾಧಿಸಿ ತೋರಿಸಿದರು. ಇವತ್ತಿಗೂ ನಾನು ಯಾವ ಸರ್ವರ್ ಮುಂದೆ ಕುಳಿತರೂ ಮೊದಲು ಹಾಕುವುದು ಈ ಲೆಕ್ಕವನ್ನೇ.

ಇದರ ಮೇಲೆ ಜನರ ಕೈ ಸುಮ್ಮನಿರುವುದಿಲ್ಲ, ಅಲ್ವಾ? ಪುಟ ಬರಲಿಲ್ಲ ಎಂದು ರಿಫ್ರೆಶ್ ಒತ್ತುತ್ತಾರೆ. ಒತ್ತಿದವರು ಹಳೆಯ ಪುಟವನ್ನು ಬಿಟ್ಟಿರುತ್ತಾರೆ, ಡೇಟಾಬೇಸ್ ಮಾತ್ರ ಆ ಹಳೆಯ ಕ್ವೆರಿಯನ್ನು ಓಡಿಸುತ್ತಲೇ ಇರುತ್ತದೆ. ಯಾರೂ ನೋಡದ ಉತ್ತರಕ್ಕಾಗಿ ಯಂತ್ರ ದುಡಿಯುತ್ತದೆ. ಹೀಗೆ ಮೊದಲು ನಿಧಾನವಾದದ್ದು ಕೆಲವೇ ನಿಮಿಷಗಳಲ್ಲಿ ಪೂರ್ತಿ ನಿಲ್ಲುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಅಣಕು ಪರೀಕ್ಷೆ ನಡೆಸುವ ಒಂದು ಸೈಟ್ ಇತ್ತು. ಭಾನುವಾರ ಬೆಳಗ್ಗೆ 10ರಿಂದ 12ರವರೆಗೆ ಟೆಸ್ಟ್. ಟೆಸ್ಟ್ ನಡೆಯುವಾಗ ಏನೂ ತೊಂದರೆ ಇಲ್ಲ. 12 ಹೊಡೆದು ಎರಡೇ ನಿಮಿಷಕ್ಕೆ 504. ಅವರು ಆಗಲೇ ದುಡ್ಡು ಹಾಕಿ ದೊಡ್ಡ ಸರ್ವರ್ ತೆಗೆದುಕೊಂಡಿದ್ದರು, ಕೆಲವು ವಾರ ಸುಧಾರಿಸಿದಂತೆ ಕಂಡು ಮತ್ತೆ ಹಾಗೇ ಆಗಿತ್ತು. ಸೈಟ್ ನಿಂತಿರುವಾಗಲೇ ಒಳಗೆ ಹೋಗಿ ಯಾವ ಪ್ರೊಸೆಸ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ಕೊಟ್ಟರೆ ಸಿಪಿಯು ಪೂರ್ತಿ ಅವರ ಡೇಟಾಬೇಸ್ ಆದ ಮೈಎಸ್‌ಕ್ಯುಎಲ್ ಕೈಯಲ್ಲಿತ್ತು. ಓಡುತ್ತಿರುವ ಕ್ವೆರಿಗಳ ಪಟ್ಟಿ, ಅಂದರೆ ಪ್ರೊಸೆಸ್‌ಲಿಸ್ಟ್, ತೆರೆದೆ. ಪರದೆ ತುಂಬ ಒಂದೇ ಕ್ವೆರಿ, ಸಾಲು ಸಾಲಾಗಿ. ಪಕ್ಕದ ಟೈಮ್ ಕಾಲಂನಲ್ಲಿ 14, 17, 22 ಸೆಕೆಂಡ್ ಎಂದು ಅಂಕಿ ಏರುತ್ತಿತ್ತು.

ಆ ಕ್ವೆರಿ ಕೇಳುತ್ತಿದ್ದದ್ದು ಬಹಳ ಸಣ್ಣ ಪ್ರಶ್ನೆ: ಈ ಟೆಸ್ಟ್‌ನಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವರು ಎಷ್ಟು ಜನ? ಅದಕ್ಕೆ ಒಂದು ಸೇರಿಸಿದರೆ ರ್‍ಯಾಂಕ್. ಕ್ವೆರಿಯನ್ನು ಡೇಟಾಬೇಸ್ ಹೇಗೆ ಓಡಿಸುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದಾಗ ವಿಷಯ ಬಯಲಾಯಿತು. ಫಲಿತಾಂಶದ ಟೇಬಲ್‌ಗೆ ಬೇಕಾದ ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯಂತೆ, ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ) ಇರಲಿಲ್ಲ. ಒಬ್ಬ ಹುಡುಗನ ರ್‍ಯಾಂಕ್ ಹೇಳಲು ಡೇಟಾಬೇಸ್ ಇಲ್ಲಿಯವರೆಗಿನ ಎಲ್ಲ ಟೆಸ್ಟ್‌ಗಳ ಎಲ್ಲ ಸಾಲುಗಳನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಿತ್ತು. ಪ್ರತಿ ಭಾನುವಾರ ಟೇಬಲ್ ಬೆಳೆಯುತ್ತದೆ, ಪ್ರತಿ ಭಾನುವಾರ ಕ್ವೆರಿ ಇನ್ನಷ್ಟು ನಿಧಾನ. ದೊಡ್ಡ ಸರ್ವರ್ ಯಾಕೆ ಕೆಲವೇ ವಾರ ಬಾಳಿತು ಎಂಬುದಕ್ಕೂ ಉತ್ತರ ಇಲ್ಲೇ ಇತ್ತು. ಸಾಲದ್ದಕ್ಕೆ "ಲೈವ್ ರ್‍ಯಾಂಕ್" ಎಂದು ಆ ಪುಟ 5 ಸೆಕೆಂಡಿಗೊಮ್ಮೆ ತಾನೇ ರಿಫ್ರೆಶ್ ಆಗುತ್ತಿತ್ತು.

ಟೆಸ್ಟ್ ಸಂಖ್ಯೆ ಮತ್ತು ಅಂಕ ಎರಡನ್ನೂ ಸೇರಿಸಿ, ಅದೇ ಕ್ರಮದಲ್ಲಿ, ಒಂದು ಇಂಡೆಕ್ಸ್ ಹಾಕಿದೆವು. ಕ್ರಮ ತಿರುಗಿಸಿದರೆ ಅಷ್ಟು ಉಪಯೋಗ ಇಲ್ಲ, ಇದನ್ನು ನೆನಪಿಡಿ. ಆಮೇಲೆ ರ್‍ಯಾಂಕ್ ಪಟ್ಟಿಯನ್ನು ನಿಮಿಷಕ್ಕೊಂದು ಸಲ ಮಾತ್ರ ಲೆಕ್ಕ ಹಾಕಿ, ಉತ್ತರವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಬೇಗ ಕೊಡುವ ರೆಡಿಸ್‌ನಲ್ಲಿ ಇಟ್ಟೆವು. ಯಾರೇ ಕೇಳಲಿ, ಅಲ್ಲಿಂದಲೇ ಉತ್ತರ. ತಾನೇ ರಿಫ್ರೆಶ್ ಆಗುವುದನ್ನು ತೆಗೆದೆವು. ದೊಡ್ಡ ಸರ್ವರ್‌ನ ಅಗತ್ಯವೇ ಉಳಿಯಲಿಲ್ಲ, ಅವರು ಹಳೆಯ ಪ್ಲ್ಯಾನ್‌ಗೆ ಮರಳಿದರು.

ನಾನು ನೋಡಿದ ಸೈಟ್‌ಗಳಲ್ಲಿ ಬಹಳಷ್ಟು ಡೇಟಾಬೇಸ್‌ನಲ್ಲೇ ಸಿಕ್ಕಿಕೊಂಡಿರುತ್ತವೆ. ಸ್ಲೋ ಕ್ವೆರಿ ಲಾಗ್ ಎಂಬ ಸೌಲಭ್ಯ ಮೈಎಸ್‌ಕ್ಯುಎಲ್‌ನಲ್ಲೇ ಇದೆ, ಆದರೆ ನಾವೇ ಆನ್ ಮಾಡಬೇಕು. ಆನ್ ಮಾಡಿದರೂ 10 ಸೆಕೆಂಡ್ ದಾಟಿದ ಕ್ವೆರಿಯನ್ನು ಮಾತ್ರ ಅದು ಬರೆದಿಡುತ್ತದೆ. ಜನ ತುಂಬಿದ ಸೈಟ್‌ನಲ್ಲಿ ಒಂದು ಸೆಕೆಂಡೇ ಬಹಳ. ಮಿತಿಯನ್ನು ಅಷ್ಟಕ್ಕೆ ಇಳಿಸಿ. ಇನ್ನೊಂದು, ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಬಫರ್ ಪೂಲ್. ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ ಅದು. ಡೀಫಾಲ್ಟ್ ಆಗಿ 128 ಎಂಬಿ. 16 ಜಿಬಿ ರ್‍ಯಾಮ್‌ಗೆ ಬಾಡಿಗೆ ಕಟ್ಟಿ ಡೇಟಾಬೇಸ್‌ಗೆ 128 ಎಂಬಿ ಕೊಟ್ಟಿರುವ ಸೈಟ್‌ಗಳು ಈಗಲೂ ಸಿಗುತ್ತವೆ.

ಇದನ್ನೆಲ್ಲ ನೋಡದೆ ವರ್ಕರ್ ಸಂಖ್ಯೆ ಏರಿಸುವವರನ್ನು ಕಂಡರೆ ನನಗೆ ಭಯ. 20 ಇದ್ದದ್ದನ್ನು 200 ಮಾಡುತ್ತಾರೆ. ಒಂದು ಪಿಎಚ್‌ಪಿ ಪ್ರೊಸೆಸ್ 60 ಎಂಬಿ ತಿಂದರೂ 200ಕ್ಕೆ 12 ಜಿಬಿ ಬೇಕು. ಯಂತ್ರದಲ್ಲಿ ಇರುವುದು 8. ಮೊದಲು ಸ್ವಾಪ್, ಅಂದರೆ ಮೆಮೊರಿ ಸಾಲದೆ ನಿಧಾನವಾದ ಡಿಸ್ಕ್ ಬಳಸುವುದು, ಶುರುವಾಗಿ ಎಲ್ಲವೂ ತೆವಳುತ್ತದೆ. ನಂತರ ಸರ್ವರ್ ನಡೆಸುವ ಲಿನಕ್ಸ್ ತಾನೇ ಒಂದು ಪ್ರೊಸೆಸ್ ಆರಿಸಿ ಕೊಲ್ಲುತ್ತದೆ. ಜಾಸ್ತಿ ಮೆಮೊರಿ ತಿಂದದ್ದನ್ನೇ ಆರಿಸುವ ಸಾಧ್ಯತೆ ಹೆಚ್ಚು, ಅದು ಬಹುತೇಕ ಮೈಎಸ್‌ಕ್ಯುಎಲ್. ಡೇಟಾಬೇಸ್‌ಗೆ ಕನೆಕ್ಟ್ ಆಗುತ್ತಿಲ್ಲ ಎಂಬ ಎರರ್ ರಾತ್ರೋರಾತ್ರಿ ಬಂದು ಬೆಳಗ್ಗೆ ತಾನೇ ಮಾಯವಾಗಿದ್ದರೆ ಸಿಸ್ಟಂ ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ" ಹುಡುಕಿ. ಮೆಮೊರಿ ಸಾಕಾದರೂ ಮೈಎಸ್‌ಕ್ಯುಎಲ್ ಡೀಫಾಲ್ಟ್ ಆಗಿ 151 ಕನೆಕ್ಷನ್‌ಗೆ ಮಾತ್ರ ಒಪ್ಪುತ್ತದೆ. ವರ್ಕರ್ ಏರಿಸಿದ್ದು ಅಲ್ಲಿಗೆ ಹೋಗಿ ಬಡಿಯುತ್ತದೆ.

ಇತ್ತೀಚೆಗೆ ಹೊಸದೊಂದು ಕಾಟ ಸೇರಿದೆ. ಸೈಟ್‌ಗೆ ಬರುವ ಜನ ಅಷ್ಟೇ ಇದ್ದರೂ ಲೋಡ್ ಮಾತ್ರ ಏರಿರುತ್ತದೆ. ಆ್ಯಕ್ಸೆಸ್ ಲಾಗ್ ತೆಗೆದು ಯಾವ ಹೆಸರಿನಿಂದ ಎಷ್ಟು ಸಲ ಬಂದಿದ್ದಾರೆ ಎಂದು ಎಣಿಸಿದರೆ ಜಿಪಿಟಿಬಾಟ್, ಕ್ಲಾಡ್‌ಬಾಟ್, ಬೈಟ್‌ಸ್ಪೈಡರ್, ಅಮೆಜಾನ್‌ಬಾಟ್ ಎಂಬ ಹೆಸರುಗಳು ಕಾಣುತ್ತವೆ. ಇವು ಕಂಪನಿಗಳಿಗಾಗಿ ಸೈಟ್‌ಗಳ ಪುಟಗಳನ್ನು ತಾವಾಗಿ ಓದಿ ಸಂಗ್ರಹಿಸುವ ಪ್ರೋಗ್ರಾಮ್‌ಗಳು, ಅಂದರೆ ಬಾಟ್‌ಗಳು. ಜನ ಹೊಸ ಪುಟಗಳನ್ನೇ ನೋಡುತ್ತಾರೆ, ಅವು ಕ್ಯಾಶ್‌ನಲ್ಲಿ (ಮೊದಲೇ ತಯಾರಿಸಿಟ್ಟ ಪ್ರತಿಗಳಲ್ಲಿ) ಸಿಗುತ್ತವೆ. ಬಾಟ್‌ಗಳು ಹಾಗಲ್ಲ. ಐದು ವರ್ಷ ಯಾರೂ ಮುಟ್ಟದ ಪುಟ, ಫಿಲ್ಟರ್ ಹಾಕಿದ ಪಟ್ಟಿ, ಪಟ್ಟಿಯ ಐದು ಸಾವಿರದನೇ ಪುಟ, ಎಲ್ಲವನ್ನೂ ತಡಕುತ್ತವೆ. ಐದು ಸಾವಿರದನೇ ಪುಟ ತೋರಿಸಲು ಆಫ್‌ಸೆಟ್ (ಇಷ್ಟು ಸಾಲು ಬಿಟ್ಟು ಮುಂದಿನದು ಕೊಡು ಎನ್ನುವ ವಿಧಾನ) ಬಳಸಿದ್ದರೆ ಡೇಟಾಬೇಸ್ ಹಿಂದಿನ ಎಲ್ಲ ಸಾಲುಗಳನ್ನೂ ದಾಟಿ ಬರಬೇಕು. ಯಾವ ಪುಟಕ್ಕೆ ಬರಬಾರದು ಎಂದು ಬಾಟ್‌ಗಳಿಗೆ ಹೇಳುವ ರೋಬೋಟ್ಸ್ ಟೆಕ್ಸ್ಟ್ ಫೈಲ್‌ನಲ್ಲಿ ಫಿಲ್ಟರ್ ಮತ್ತು ಹುಡುಕಾಟದ ಪುಟಗಳನ್ನು ತಡೆಯಿರಿ. ಅದನ್ನು ಪಾಲಿಸುವುದು ಬಿಡುವುದು ಬಾಟ್ ನಡೆಸುವವರ ಇಷ್ಟ, ಆದ್ದರಿಂದ ಸರ್ವರ್‌ನಲ್ಲೂ ವೇಗದ ಮಿತಿ ಹಾಕಿ. ಮಿತಿ ಮೀರಿದವರಿಗೆ 429, ಅಂದರೆ ಬಹಳ ಸಲ ಕೇಳಿದ್ದೀರಿ ಎಂಬ ನಂಬರ್, ಹೋಗಲಿ. ಆದರೆ ಐಪಿ ವಿಳಾಸ ನೋಡಿ ಕಣ್ಣುಮುಚ್ಚಿ ಬ್ಲಾಕ್ ಮಾಡಬೇಡಿ. ಮೊಬೈಲ್ ಕಂಪನಿಗಳ ಒಂದೇ ಐಪಿ ಹಿಂದೆ ಎಷ್ಟೋ ಗ್ರಾಹಕರು ಇರುತ್ತಾರೆ. ಒಂದು ಬಾಟ್ ಎಂದುಕೊಂಡು ಒಂದಿಡೀ ಹಾಸ್ಟೆಲ್ ಅನ್ನು ಹೊರಗಿಟ್ಟ ಹಾಗಾದೀತು.

ಸಣ್ಣ ಕಾರಣಗಳೂ ಇವೆ. ಡಿಸ್ಕ್ ತುಂಬಿರಬಹುದು; ಜಾಗ ಇದ್ದೂ ಐನೋಡ್ (ಪ್ರತಿ ಫೈಲ್‌ಗೂ ಡಿಸ್ಕ್‌ನಲ್ಲಿ ಬೇಕಾಗುವ ದಾಖಲೆ) ಮುಗಿದಿರಬಹುದು. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಇದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನದು ಸಾಮಾನ್ಯವಾಗಿ 90 ದಿನ, ತಾನೇ ನವೀಕರಣ ಆಗುವಂತೆ ಇಟ್ಟಿದ್ದು ಯಾವಾಗಲೋ ನಿಂತುಹೋಗಿರುತ್ತದೆ. ದಿನಾ ಒಂದೇ ಹೊತ್ತಿಗೆ ನಿಧಾನವಾಗುತ್ತಿದ್ದರೆ ಆ ಹೊತ್ತಿನ ಬ್ಯಾಕಪ್ ನೋಡಿ.

"ನಮ್ಮ ಆಫೀಸಿನಾಗ ಛಲೋ ಐತ್ರೀ, ಹಾವೇರಿ ಕಡೆಯವರಿಗೆ ಅಷ್ಟ ತಡ ಆಗ್ತೈತಿ" ಎಂದು ಹೇಳಿದರೆ ಹುಡುಕುವ ಜಾಗವೇ ಬೇರೆ. ಎಂಜಿನ್‌ಎಕ್ಸ್ ಲಾಗ್‌ಗೆ ಎರಡು ಸಮಯ ಸೇರಿಸಿ: ಒಟ್ಟು ಹಿಡಿದ ಸಮಯ, ಹಿಂದಿನ ಪ್ರೋಗ್ರಾಮ್ ತೆಗೆದುಕೊಂಡ ಸಮಯ. ಡೀಫಾಲ್ಟ್ ಲಾಗ್‌ನಲ್ಲಿ ಇವೆರಡೂ ಇರುವುದಿಲ್ಲ. ಎರಡನೆಯದು ಕಡಿಮೆ ಇದ್ದು ಮೊದಲನೆಯದು ಜಾಸ್ತಿ ಇದ್ದರೆ ಸರ್ವರ್ ತನ್ನ ಕೆಲಸ ಮುಗಿಸಿದೆ, ಪುಟ ದಾರಿಯಲ್ಲಿದೆ ಎಂದರ್ಥ. ಫೋನ್‌ನಿಂದ ನೇರ ಏರಿಸಿದ ನಾಲ್ಕೈದು ಎಂಬಿಯ ಫೋಟೊಗಳು ಮುಖಪುಟದಲ್ಲಿದ್ದರೆ ಹೀಗಾಗುತ್ತದೆ. ಚಿಕ್ಕದು ಮಾಡಿ, ಅಷ್ಟೇ.

ದೂರವೂ ಒಂದು ಕಾರಣ. ಅಗ್ಗ ಎಂದು ಅಮೆರಿಕದಲ್ಲಿ ಸರ್ವರ್ ಇಟ್ಟವರು ಇನ್ನೂ ಇದ್ದಾರೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 13 ಸಾವಿರ ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಸುತ್ತುಬಳಸಿ ಹೋಗುವುದರಿಂದ 200 ದಾಟುತ್ತದೆ. ಪುಟದ ಮೊದಲ ಅಕ್ಷರ ಬರುವ ಮುಂಚೆ ಕನೆಕ್ಷನ್‌ಗೆ ಒಂದು ಸುತ್ತು, ಸಂಪರ್ಕ ಭದ್ರಪಡಿಸುವ ಟಿಎಲ್‌ಎಸ್‌ಗೆ ಒಂದೋ ಎರಡೋ ಸುತ್ತು, ಪುಟ ಕೇಳಲು ಇನ್ನೊಂದು. ಅರ್ಧ ಸೆಕೆಂಡಿಗಿಂತ ಹೆಚ್ಚು ಬರೀ ಓಡಾಟಕ್ಕೇ ಹೋಯಿತು. ಎಷ್ಟು ಕೋಡ್ ತಿದ್ದಿದರೂ ಇದು ಕಡಿಮೆಯಾಗುವುದಿಲ್ಲ. ಅಮೆಜಾನ್ 2016ರಲ್ಲಿಯೇ ಮುಂಬೈನಲ್ಲಿ ತನ್ನ ಕ್ಲೌಡ್ ತೆರೆದಿದೆ, ಬೇರೆ ಕಂಪನಿಗಳೂ ಅಲ್ಲಿವೆ. ನಮ್ಮ ಭಾಗದ ಜನರಿಗಾಗಿ ಮಾಡಿದ ಸೈಟ್ ದೇಶದೊಳಗೇ ಇರಲಿ.

ಸೈಟ್ ನಿಂತದ್ದನ್ನು ನಮಗೆ ಯಾರು ತಿಳಿಸಬೇಕು? ಎಷ್ಟೋ ಕಡೆ ನಿಗಾ ಇಡುವ ಪ್ರೋಗ್ರಾಮ್ ಅದೇ ಸರ್ವರ್‌ನಲ್ಲೇ ಓಡುತ್ತಿರುತ್ತದೆ. ಸರ್ವರ್ ಬಿದ್ದರೆ ಅದೂ ಬಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತಿತ್ತು. ನಿರ್ವಹಣೆಗಾಗಿ ಕೊಟ್ಟ ಒಂದು ಕಮಾಂಡ್ ಅದರ ಒಳ ಜಾಲವನ್ನೇ ಕಡಿದುಹಾಕಿತು, ಸೈಟ್‌ನ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ಗಳು ಇಂಟರ್ನೆಟ್‌ನಿಂದ ಮರೆಯಾದವು. ಸರಿಪಡಿಸಬೇಕಾದ ಇಂಜಿನಿಯರ್‌ಗಳ ಉಪಕರಣಗಳೂ ಅದೇ ಜಾಲದ ಮೇಲೆ ನಿಂತಿದ್ದವು. ವಾಟ್ಸಾಪ್ ಕೂಡ ಅವತ್ತು ಇರಲಿಲ್ಲ. ನಿಮ್ಮ ಎಚ್ಚರಿಕೆಯ ಸಂದೇಶ ವಾಟ್ಸಾಪ್‌ಗೆ ಮಾತ್ರ ಬರುತ್ತಿದ್ದರೆ ಎಸ್‌ಎಂಎಸ್ ಒಂದನ್ನೂ ಸೇರಿಸಿ. ನಿಗಾ ಇಡುವುದು ಬೇರೆ ಕಂಪನಿಯ ಸರ್ವರ್‌ನಿಂದ ಆಗಲಿ.

ಪರೀಕ್ಷೆ ನಡೆಸುವವರಿಗೆ ನಾನು ಒತ್ತಿ ಹೇಳುವುದು ಒಂದಿದೆ. ರ್‍ಯಾಂಕ್ ತಡವಾದರೆ ಮಕ್ಕಳು ಬೈದುಕೊಂಡು ಕಾಯುತ್ತಾರೆ. ಬರೆದ ಉತ್ತರ ಹೋದರೆ? ಮನೆಯವರು ಕಷ್ಟಪಟ್ಟು ಕಳಿಸಿದ ದುಡ್ಡಲ್ಲಿ ಪಿಜಿಯಲ್ಲಿದ್ದು ಓದುವ ಹುಡುಗಿ ಎರಡು ಗಂಟೆ ಕುಳಿತು ಬರೆದದ್ದು ಅದು. ಪ್ರತಿ ಉತ್ತರವೂ ಒತ್ತಿದ ತಕ್ಷಣ ಅವಳ ಬ್ರೌಸರ್‌ನಲ್ಲೇ ಉಳಿಯಲಿ, ಸರ್ವರ್ ಸಿಕ್ಕಾಗ ಹೋಗಲಿ. ಸಿಗದಿದ್ದರೆ ಆ್ಯಪ್ ಮತ್ತೆ ಮತ್ತೆ ಪ್ರಯತ್ನಿಸಲಿ, ಆದರೆ ಪ್ರತಿ ಸಲ ಕಾಯುವ ಹೊತ್ತನ್ನು ಹೆಚ್ಚಿಸುತ್ತ, ಒಬ್ಬೊಬ್ಬರಿಗೂ ಸ್ವಲ್ಪ ಹಿಂದೆ ಮುಂದೆ ಮಾಡುತ್ತ. ಎಲ್ಲರ ಫೋನೂ ಒಂದೇ ಕ್ಷಣಕ್ಕೆ ಮತ್ತೆ ಬಂದರೆ ಎದ್ದು ನಿಂತ ಸರ್ವರ್ ಮತ್ತೆ ಬೀಳುತ್ತದೆ. ಸೈಟ್ ನಿಲ್ಲಿಸಲೇಬೇಕಾದರೆ ಸದ್ಯಕ್ಕೆ ಸೇವೆ ಇಲ್ಲ ಎಂಬ ನಂಬರ್ 503 ಜೊತೆಗೆ "ನಿಮ್ಮ ಉತ್ತರಗಳು ಸುರಕ್ಷಿತವಾಗಿವೆ, ಇಷ್ಟು ಹೊತ್ತಿಗೆ ಮರಳಿ ಬನ್ನಿ" ಎಂದು ಕನ್ನಡದಲ್ಲಿ ಬರೆದ ಒಂದು ಪುಟ ಇರಲಿ. ಈ ಪುಟ ಡೇಟಾಬೇಸ್ ಮುಟ್ಟದ ಬರೀ ಎಚ್‌ಟಿಎಂಎಲ್ ಆಗಿರಬೇಕು. ಪರೀಕ್ಷೆಯ ಹಿಂದಿನ ವಾರ ನಕಲಿ ಬಳಕೆದಾರರನ್ನು ಸೃಷ್ಟಿಸುವ ಜೆಮೀಟರ್ ಅಥವಾ ಕೆ6 ಬಳಸಿ, ಬೇರೊಂದು ಯಂತ್ರದಿಂದ, ನಿರೀಕ್ಷೆಯ ಎರಡು ಪಟ್ಟು ಜನರನ್ನು ಸೈಟ್ ಮೇಲೆ ಬಿಟ್ಟು ನೋಡಿ. ಮುಖಪುಟಕ್ಕೆ ಬಿಟ್ಟು ಸಮಾಧಾನ ಪಡಬೇಡಿ. ಲಾಗಿನ್, ಸಬ್ಮಿಟ್, ರ್‍ಯಾಂಕ್, ಈ ಮೂರರ ಮೇಲೆ ಬಿಡಿ.