ರಿಪೋರ್ಟ್ ನಾರ್ಮಲ್, ನೋವು ಮಾತ್ರ ಖರೇ

ಬ್ಯಾಡಗಿ ಕಡೆಯ ಹೆಣ್ಣುಮಗಳು, ವಯಸ್ಸು 46. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬಂದಾಗ ಕೈಯಲ್ಲಿ ಸೀರೆ ಅಂಗಡಿಯ ಚೀಲ. ಅದರೊಳಗೆ ನಾಲ್ಕು ವರ್ಷದ ಎಕ್ಸ್‌ರೇಗಳು, ಎರಡು ಎಂಆರ್‌ಐ, ರಕ್ತ ತಪಾಸಣೆಯ ಕಾಗದಗಳ ಕಟ್ಟು. ಮೊದಲು ಕುತ್ತಿಗೆ ನೋಯುತ್ತಿತ್ತು, ಆಮೇಲೆ ಹೆಗಲು, ಈಗ ಇಡೀ ಮೈ. ಚೀಲವನ್ನು ಮೇಜಿನ ಮೇಲೆ ಸುರಿದು ಕೇಳಿದರು:

"ಎಲ್ಲಾ ನಾರ್ಮಲ್ ಅದಾವಂತ ಬರದಾರ್ರಿ. ಹಂಗಾರ ನೋವು ಎಲ್ಲಿಂದ ಬರ್ತೈತ್ರಿ? ನಾ ಏನ್ ಸುಳ್ಳ ಹೇಳಾಕ ಬಂದೇನೇನ್ರಿ?"

ಇದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಸಿದ್ಧ ಉತ್ತರವಿದೆ: "ಏನೂ ಇಲ್ಲ, ಟೆನ್ಶನ್ ತಗೋಬ್ಯಾಡ್ರಿ." ಮೊದಲ ಏಳೆಂಟು ವರ್ಷ ನಾನೂ ಹಾಗೇ ಹೇಳಿ ಕಳಿಸಿದವನೇ. ಅದರಷ್ಟು ಕೆಟ್ಟ ಔಷಧ ಇನ್ನೊಂದಿಲ್ಲ ಅಂತ ಈಗ ಅನಿಸುತ್ತದೆ. ಕೇಳಿದವರ ಕಿವಿಗೆ ಅದು ಬೀಳುವುದು "ನೀ ನಾಟಕ ಮಾಡಾಕತ್ತಿ" ಅಂತಲೇ. ಮನೆಯಲ್ಲಿ ಅತ್ತೆ ಅಂದದ್ದಕ್ಕೆ ಡಾಕ್ಟರು ಬಂದು ಸಹಿ ಹಾಕಿದ ಹಾಗೆ.

ಈ ಅಕ್ಕನವರ ಕೆಲಸ ಮೆಣಸಿನಕಾಯಿ ತೊಟ್ಟು ಬಿಡಿಸುವುದು. ಅಲ್ಲಿಂದಲೇ ಮಾತು ಶುರು ಮಾಡಿದೆ.

"ಕಾಯಿ ಬಿಡಿಸಿ ಮನೀಗೆ ಹೋದ ಮ್ಯಾಲೆ ಕೈ ಉರೀತಾವೇನ್ರಿ ಅಕ್ಕಾರ?"

"ನಮ್ಮ ಡಬ್ಬಿ ಕಾಯಿ ಏನ್ ಉರೀತೈತ್ರಿ, ಬರೇ ಬಣ್ಣ. ಗುಂಟೂರು ಕಾಯಿ ಬಂದಾಗ ನೋಡ್ರಿ, ರಾತ್ರಿ ನೀರಾಗ ಕೈ ಇಟ್ಕೊಂಡ ಕುಂದರೂದು."

"ಬೆಂಕಿ ಎಲ್ಲಿತ್ರಿ?"

ಒಂದು ಗಳಿಗೆ ನನ್ನ ಮುಖ ನೋಡಿ ನಕ್ಕರು. ಬೆಂಕಿ ಎಲ್ಲೂ ಇರಲಿಲ್ಲ. ಚರ್ಮದ ನರದ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತೆರೆದುಕೊಳ್ಳುವ ಒಂದು ಬಾಗಿಲಿದೆ, ಹೆಸರು ಟಿಆರ್‌ಪಿವಿ1. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಶಾಖವಿಲ್ಲದೆಯೇ ಅದೇ ಬಾಗಿಲನ್ನು ತೆರೆಯುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕೈ ಸುಟ್ಟಿಲ್ಲ, ಉರಿ ಮಾತ್ರ ಅಪ್ಪಟ. ಆ ಕೈಯ ಎಕ್ಸ್‌ರೇ ತೆಗೆಸಿದರೂ ನಾರ್ಮಲ್ ಅಂತಲೇ ಬರುತ್ತದೆ.

ಅಂದರೆ ನೋವಿಗೂ ಗಾಯಕ್ಕೂ ನಾವು ತಿಳಿದಷ್ಟು ಗಟ್ಟಿ ನಂಟಿಲ್ಲ. ನರಗಳು ಕಳಿಸುವುದು ಬರೀ ಸುದ್ದಿ. ಅದನ್ನು ನೋವು ಮಾಡಬೇಕೋ ಬೇಡವೋ, ಎಷ್ಟು ಮಾಡಬೇಕು ಅನ್ನುವ ತೀರ್ಮಾನ ಮೇಲೆ ಆಗುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್, ಬೆನ್ನುಹುರಿಯಲ್ಲಿ ಈ ಸುದ್ದಿಗೆ ಒಂದು ಗೇಟು ಇದೆ ಎಂದರು. ಮಲಪ್ರಭಾ ಕಾಲುವೆ ಕಂಡ ನವಲಗುಂದ, ನರಗುಂದದವರಿಗೆ ಗೇಟಿನ ಮಾತು ಬಿಡಿಸಿ ಹೇಳಬೇಕಿಲ್ಲ. ಹೊಲಕ್ಕೆ ಎಷ್ಟು ನೀರು ಬಂತು ಅನ್ನುವುದು ಡ್ಯಾಮಿನ ಮಟ್ಟದ ಮೇಲಷ್ಟೇ ನಿಂತಿಲ್ಲ, ಗೇಟಿನ ಹತ್ತಿರ ಯಾರು ನಿಂತಿದ್ದಾರೆ ಅನ್ನುವುದರ ಮೇಲೂ ಇದೆ.

ಮಿದುಳಿನಿಂದ ಆ ಗೇಟಿಗೆ ಹುಕುಂ ಇಳಿಯುವುದು ನಡುಮಿದುಳಿನ ಪೆರಿಅಕ್ವಿಡಕ್ಟಲ್ ಗ್ರೇ ಅನ್ನುವ ಜಾಗದಿಂದ. (ಹೆಸರಿನಲ್ಲೇ ಕಾಲುವೆ ಇದೆ, ಅಕ್ವಿಡಕ್ಟ್ ಅಂದರೆ ಅದೇ.) 1969ರಲ್ಲಿ ಡೇವಿಡ್ ರೆನಾಲ್ಡ್ಸ್, ಇಲಿಗಳಲ್ಲಿ ಆ ಜಾಗಕ್ಕೆ ಸಣ್ಣ ವಿದ್ಯುತ್ ಹರಿಸಿ, ಅರಿವಳಿಕೆ ಕೊಡದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರು. ಇಲಿಗಳು ನೋವು ತೋರಿಸಲಿಲ್ಲ. ಆ ಜಾಗದಿಂದ ಹುಕುಂ ಮಿದುಳಿನ ಬುಡಕ್ಕೆ ಬಂದು, ಬೆನ್ನುಹುರಿಗೆ ಇಳಿಯುತ್ತದೆ. ಆ ಬುಡದಲ್ಲಿ ಎರಡು ತರಹದ ಜೀವಕೋಶಗಳಿವೆ: ಗೇಟು ಮುಚ್ಚಿಸುವವು, ತೆರೆಸುವವು.

ಒತ್ತಡಕ್ಕೆ ಇಲ್ಲಿ ಎರಡು ಮುಖ. ಹಾವೇರಿ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಬೆದರಿಸುವುದನ್ನು ನೋಡಿದವರಿಗೆ ಮೊದಲನೆಯದು ಗೊತ್ತು. ಕೊಬ್ಬರಿ ಹಾರಕ್ಕೆ ಕೈ ಹಾಕಿದ ಹುಡುಗನಿಗೆ ಮೊಣಕಾಲು ಸಿಗಿದಿರುತ್ತದೆ, "ಲೇ, ರಕ್ತ ಸೋರಾಕತ್ತೈತಿ" ಅಂತ ಇನ್ನೊಬ್ಬ ಹೇಳುವವರೆಗೆ ಅವನಿಗೆ ನೋವೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೊದಲ್ಲಿದ್ದ ಅಮೆರಿಕದ ಡಾಕ್ಟರ್ ಹೆನ್ರಿ ಬೀಚರ್, ಭಾರಿ ಗಾಯವಾದ ಸೈನಿಕರಲ್ಲೂ ಬಹುಪಾಲು ಮಂದಿ ನೋವಿನ ಔಷಧ ಬೇಡವೆಂದದ್ದನ್ನು 1946ರಲ್ಲಿ ಬರೆದರು. ಪ್ರಾಣಕ್ಕೆ ಬಂದಾಗ ಮಿದುಳು ಗೇಟು ಹಾಕಿ, ಮೊದಲು ಓಡು ಅನ್ನುತ್ತದೆ.

ಆದರೆ ಓಡಿ ಮುಗಿಯದ ಅಂಜಿಕೆ ಇರುತ್ತದಲ್ಲ? ಪ್ರತಿ ವಾರ ಬರುವ ಅಂಜಿಕೆ? ಆಗ ಅದೇ ವ್ಯವಸ್ಥೆ ತಿರುಗಿ ಬೀಳುತ್ತದೆ. ಅಂಜಿಕೆಯ ಲೆಕ್ಕ ಇಡುವ ಅಮಿಗ್ಡಲಾಗೆ ಆ ಗೇಟಿನ ಹುಕುಂ ಜಾಗಕ್ಕೆ ನೇರ ದಾರಿ ಇದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರ ತಂಡ, ನಿಮ್ಹಾನ್ಸ್‌ನ ಸಹಯೋಗದಲ್ಲಿ, 2002ರಲ್ಲಿ ಒಂದು ಸಂಗತಿ ತೋರಿಸಿತು. ಇಲಿಗಳನ್ನು ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಕೂಡಿ ಹಾಕಿದರು, ಹತ್ತು ದಿನ. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನ ನರಕೋಶಗಳ ಟೊಂಗೆಗಳು ಕುಗ್ಗಿದವು, ಅಮಿಗ್ಡಲಾದಲ್ಲಿ ಟೊಂಗೆ ಇನ್ನಷ್ಟು ಕವಲೊಡೆದವು. 2004ರಲ್ಲಿ ಪ್ರಕಟಿಸಿದ ಮುಂದಿನ ಪ್ರಯೋಗದಲ್ಲಿ ಅದೇ ತಂಡದವರು, ಹೀಗೆ ಕೂಡಿ ಹಾಕಿದ ಇಲಿಗಳನ್ನು ಆಮೇಲೆ 21 ದಿನ ಸುಮ್ಮನೆ ಬಿಟ್ಟು ನೋಡಿದರು. ಹಿಪೊಕ್ಯಾಂಪಸ್ ಮೊದಲಿನಂತಾಯಿತು, ಅಮಿಗ್ಡಲಾ ಆಗಲಿಲ್ಲ. ಇಲಿಯದು ಇಲಿಗೆ, ಮನುಷ್ಯರಿಗೆ ಹಾಗೆಯೇ ಎತ್ತಿ ಹಚ್ಚಬಾರದು ನಿಜ. ಆದರೂ "ಸಾಲ ತೀರಿ ವರ್ಷ ಆತ್ರಿ, ನೋವು ಯಾಕ ಹೋಗವಲ್ದು?" ಅಂತ ಕೇಳುವವರನ್ನು ಕಂಡಾಗಲೆಲ್ಲ ನನಗೆ ಆ 21 ದಿನ ನೆನಪಾಗುತ್ತದೆ.

ಹಾಗೆ ನೋಡಿದರೆ ನೋವು ಮಿದುಳಿನಲ್ಲಿ ಮನೆ ಬದಲಿಸುತ್ತದೆ. ಅಮೆರಿಕದಲ್ಲಿ ವಾನಿಯಾ ಅಪ್ಕೇರಿಯನ್ ತಂಡ 2013ರಲ್ಲಿ ಪ್ರಕಟಿಸಿದ ಸ್ಕ್ಯಾನುಗಳಲ್ಲಿ, ಹೊಸ ಬೆನ್ನುನೋವು ನೋವಿನ ಮಾಮೂಲಿ ಭಾಗಗಳಲ್ಲಿ ಕಾಣಿಸಿತು. ನೋವು ಹಳತಾದವರಲ್ಲಿ ಅದು ಭಾವನೆಯ ಜಾಲಕ್ಕೆ ಸರಿದಿತ್ತು. ಸೊಂಟ ಅದೇ, ಮಾತಿನಲ್ಲಿ ಹೇಳುವ ನೋವೂ ಅದೇ.

ಅಕ್ಕನವರ ಕೈಯ ಮೇಲೆ ಒಂದು ಪರೀಕ್ಷೆ ಮಾಡಿದೆ. ಚರ್ಮ ಹರಿಯದಷ್ಟು ಮೊಂಡಾದ ಸೂಜಿಯ ಮೊನೆಯನ್ನು ಒಂದೇ ಜಾಗದಲ್ಲಿ, ಒಂದೇ ಭಾರದಲ್ಲಿ, ಸೆಕೆಂಡಿಗೊಮ್ಮೆ ಹತ್ತು ಸಲ ತಾಗಿಸುವುದು. ಮೊದಲ ಸಲ ಎಷ್ಟು ಅಂದರೆ ಹತ್ತಕ್ಕೆ ಎರಡು ಅಂದರು. ಆರನೆಯದಕ್ಕೆ ಮುಖ ಕಿವುಚಿದರು. ಹತ್ತನೆಯದಕ್ಕೆ ಎಂಟು, ಕೈ ಎಳೆದುಕೊಂಡರು. ನನ್ನ ಕೈಗೆ ಅವರಿಂದಲೇ ಚುಚ್ಚಿಸಿಕೊಂಡು ತೋರಿಸಿದೆ: ಎರಡರಿಂದ ಮೂರಕ್ಕೆ ಏರಿತು, ಅಷ್ಟೇ. ಇದು ಬೆನ್ನುಹುರಿ ಸುದ್ದಿಯನ್ನು ದೊಡ್ಡದು ಮಾಡಿ ಕಳಿಸುವ ಲಕ್ಷಣ. ನರಮಂಡಲ ಹೀಗೆ ಏರುದನಿಗೆ ಬೀಳುತ್ತದೆ ಅಂತ ಕ್ಲಿಫರ್ಡ್ ವೂಲ್ಫ್ 1983ರಲ್ಲೇ ತೋರಿಸಿದ್ದರು. ಅಕ್ಕನವರು ತಮ್ಮ ಕೈ ನೋಡಿಕೊಂಡರು, ನನ್ನ ಕೈ ನೋಡಿದರು. "ಅಂದ್ರ ಖರೇನ ಜಾಸ್ತಿ ಐತಿ" ಅಂದರು. ನಾಲ್ಕು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಎಂಆರ್‌ಐಯಲ್ಲಿ "ಡಿಸ್ಕ್ ಸವೆದಿದೆ" ಅಂತ ಒಂದು ಸಾಲಿತ್ತು. ಅದನ್ನು ಓದಿದ ದಿನದಿಂದ ಅವರು ಬಗ್ಗುವುದನ್ನೇ ಬಿಟ್ಟಿದ್ದರು. ನೋವೇ ಇಲ್ಲದ 3,110 ಜನರ ಸ್ಕ್ಯಾನ್ ಒಟ್ಟು ಮಾಡಿದ 2015ರ ವಿಶ್ಲೇಷಣೆಯಲ್ಲಿ, 20ರ ವಯಸ್ಸಿನವರಲ್ಲೇ 37%, 80ರವರಲ್ಲಿ 96% ಮಂದಿಗೆ ಡಿಸ್ಕ್ ಸವೆದಿತ್ತು. ತಲೆಗೂದಲು ಬೆಳ್ಳಗಾದದ್ದಕ್ಕೆ ಯಾರೂ ಮಂಚ ಹಿಡಿಯುವುದಿಲ್ಲ. ಹಾಗಂತ ಎಲ್ಲ ನೋವೂ ಮಿದುಳಿನ ಏರುದನಿ ಅಲ್ಲ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಬಲ ಕಮ್ಮಿಯಾಗುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಈ ಅಂಕಣ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ.

ನೋವು ಯಾವಾಗ ಹೆಚ್ಚು ಅಂತ ಕೇಳಿದಾಗ ಉತ್ತರ ತಾನೇ ಬಂತು. ಮಂಗಳವಾರ ರಾತ್ರಿ. ಬುಧವಾರ ಬೆಳಿಗ್ಗೆ ಸಂಘದ ಸಾಲದ ಕಂತು. ನಿದ್ದೆ ಹತ್ತುವುದಿಲ್ಲ, ನಿದ್ದೆಗೆಟ್ಟ ಮಿದುಳಿಗೆ ಗೇಟು ಹಾಕುವ ಕಸುವು ಇನ್ನೂ ಕಮ್ಮಿ, ನೋವು ಏರುತ್ತದೆ, ನೋವಿಗೆ ಮತ್ತೆ ನಿದ್ದೆ ಹೋಗುತ್ತದೆ.

"ಹಂಗಾರ ನನ್ನ ಧಾರವಾಡಕ್ಕ ಕಳಸ್ತೀರೇನ್ರಿ?" ಅಂದರು. ನಮ್ಮ ಕಡೆ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು: ಅಲ್ಲಿನ ಮಾನಸಿಕ ಆಸ್ಪತ್ರೆ, ಡಿಮ್ಹಾನ್ಸ್. ಡಿಮ್ಹಾನ್ಸ್‌ಗೆ ಹೋಗುವುದು ಸೊಂಟದ ಡಾಕ್ಟರ ಹತ್ತಿರ ಹೋದಷ್ಟೇ ಸಹಜ ಅಂತ ಹೇಳಿದೆ. ಅವರು ನಂಬಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಕೊಟ್ಟದ್ದು ಇಷ್ಟು. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್. ಗೇಟು ಮುಚ್ಚುವ ದಾರಿಯಲ್ಲಿ ಕೆಲಸ ಮಾಡುವ ಸೆರೊಟೋನಿನ್, ನಾರ್ ಅಡ್ರಿನಲಿನ್‌ಗಳನ್ನು ಅದು ಹೆಚ್ಚಿಸುತ್ತದೆ. ಮೆಡಿಕಲ್ ಶಾಪಿನ ಹುಡುಗ "ಇದು ಡಿಪ್ರೆಶನ್ ಗುಳಿಗಿ" ಅಂದೇ ಅನ್ನುತ್ತಾನೆ, ಆದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ: ಹೌದು, ಆದರೆ ಡಿಪ್ರೆಶನ್‌ಗೆ ಕೊಡುವ ಪ್ರಮಾಣದ ಹತ್ತಿರವೂ ಇದು ಬರುವುದಿಲ್ಲ. ದಿನಾ ನುಂಗುತ್ತಿದ್ದ ನೋವಿನ ಗುಳಿಗೆ ಬಂದ್, ಕಿಡ್ನಿ ಉಳಿಯಬೇಕಲ್ಲ. ಐದು ನಿಮಿಷದಿಂದ ಶುರುವಾಗಿ ವಾರಕ್ಕೆ ಎರಡೆರಡು ನಿಮಿಷ ಏರುವ ನಡಿಗೆ. ಮತ್ತೆ, ನೋವು ಬಂದಾಗ ತಮಗೆ ತಾವೇ ಹೇಳಿಕೊಳ್ಳಲು ಒಂದು ಮಾತು: ಇದು ಗುಂಟೂರು ಕಾಯಿ, ಬೆಂಕಿ ಅಲ್ಲ.

ಕೊನೆಯದು ನನ್ನ ಚಾಲಾಕಿಯಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಹಳೆಯ ಬೆನ್ನುನೋವಿನ 151 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಇಂಥದೇ ಚಿಕಿತ್ಸೆ ಕೊಟ್ಟ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ನೋವು ಅಂದರೆ ಅಪಾಯ ಅನ್ನುವ ನಂಬಿಕೆಯನ್ನು ಮಾತಿನಿಂದ, ಅಭ್ಯಾಸದಿಂದ ಸಡಿಲಿಸಿದಾಗ, ಆ ಗುಂಪಿನ 66% ಮಂದಿಗೆ ನೋವು ಹೋಯಿತು ಇಲ್ಲವೇ ಹೋದಂತಾಯಿತು. ಔಷಧವಿಲ್ಲದ ಬರೀ ಉಪ್ಪುನೀರಿನ ಸೂಜಿ ಮಾಡಿಸಿಕೊಂಡವರಲ್ಲಿ 20%. ಅವರಿಗೆ ಬುಧವಾರದ ಕಂತು ಇತ್ತೋ ಇಲ್ಲವೋ, ಪೇಪರಿನಲ್ಲಿ ಬರೆದಿಲ್ಲ.

ಎರಡು ತಿಂಗಳಿಗೆ ಅಕ್ಕನವರು ಮತ್ತೆ ಬಂದರು. ಈ ಸಲ ಸೀರೆ ಅಂಗಡಿಯ ಚೀಲವಿಲ್ಲ, ಮಗಳ ಹಳೆಯ ನೋಟ್‌ಬುಕ್. ಮಗಳೇ ಗೆರೆ ಹಾಕಿ ದಿನಕ್ಕೊಂದು ನೋವಿನ ನಂಬರ್ ಬರೆದಿದ್ದಳು. ಒಂಬತ್ತು ಇರುತ್ತಿದ್ದ ಮಂಗಳವಾರಗಳು ಆರಕ್ಕೆ, ಒಂದು ವಾರವಂತೂ ಐದಕ್ಕೆ ಇಳಿದಿದ್ದವು. ಬಾಕಿ ದಿನ ಮೂರು, ನಾಲ್ಕು. ನಡುವೆ ಒಂದು ಶುಕ್ರವಾರ ಮಾತ್ರ ಎಂಟು, ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು.

"ಅವತ್ತ ಏನಾಗಿತ್ರಿ?"

"ನಾದಿನಿ ಬಂದಿದ್ಲ್ರಿ."